ಬೆಳಗಾವಿಯ ಬಂದೂಕು ದುರಸ್ತಿ ಅಂಗಡಿಯಲ್ಲಿ ನಮ್ಮ ಎನ್‌ಫೀಲ್ಡ್ ಪರೀಕ್ಷೆ

ಅಜ್ಜನ ಕಾಲದಿಂದ ಪರವಾನಗಿಯೊಂದಿಗೆ ನಮ್ಮ ಮನೆಯಲ್ಲಿರುವ, ಬಾಯಿಂದ ಮದ್ದು ತುಂಬುವ ಎನ್‌ಫೀಲ್ಡ್ ಬಂದೂಕಿನ ಭಾಗಗಳು ಮೂಲದವೇ ಎಂದು ತಿಳಿಯಲು ಅದನ್ನು ಬೆಳಗಾವಿಯ ಹಳೆಯ ದುರಸ್ತಿ ಅಂಗಡಿಯೊಂದಕ್ಕೆ ಒಯ್ದಿದ್ದೆ. ಅಲ್ಲಿನ ಹಿರಿಯರು ಮೊದಲು ನಳಿಗೆಯೊಳಗೆ ಕಬ್ಬಿಣದ ಸಲಾಕೆ ಇಳಿಸಿ ಮದ್ದು ಉಳಿದಿಲ್ಲವೆಂದು ಖಚಿತಪಡಿಸಿಕೊಂಡರು. ಈ ಎಚ್ಚರಿಕೆಯೇ ನನಗೆ ನಂಬಿಕೆ ಹುಟ್ಟಿಸಿತು. ನಳಿಗೆ 39 ಇಂಚು ಉದ್ದವಿತ್ತು, ಅದನ್ನು ಮರಕ್ಕೆ ಬಿಗಿಯುವ ಮೂರು ಪಟ್ಟಿಗಳೂ ಇದ್ದವು. ಆದರೆ 1853ರ ಮಾದರಿಯಲ್ಲಿ ಇರಬೇಕಾದ 0.577 ಇಂಚಿನ ರಂಧ್ರ ಮತ್ತು ಮೂರು ಸುರುಳಿ ಗೀರುಗಳ ಬದಲು ಒಳಮೈ ನುಣುಪಾಗಿತ್ತು, ರಂಧ್ರವೂ ಅಗಲವಾಗಿತ್ತು.

ನನ್ನ ಎದೆ ಧಸಕ್ಕೆಂದಿತು. 1857ರ ದಂಗೆಯ ಬಳಿಕ ಭಾರತೀಯ ಸಿಪಾಯಿಗಳಿಗೆ ಗೀರಿಲ್ಲದ, 0.656 ಇಂಚಿನ ರಂಧ್ರದ ಮಾದರಿಯನ್ನು ಕೊಟ್ಟಿದ್ದರಿಂದ, ನುಣುಪು ನಳಿಗೆಯೊಂದನ್ನೇ ನೋಡಿ ಬದಲಾಯಿಸಿದ್ದೆನ್ನಲಾಗದು ಎಂದು ಅವರು ತಾಳ್ಮೆಯಿಂದ ವಿವರಿಸಿದರು. ಅವರಿಗೆ ಅನುಮಾನ ಬಂದದ್ದು ಗುರಿ ಹಿಡಿಯಲು ನಳಿಗೆಯ ಮೇಲೆ ಹಿಂಬದಿಗಿರುವ ಗುರಿಪಟ್ಟಿಯ ಮೇಲೆ: ಸಿಪಾಯಿಗಳ ಮಾದರಿಗೆ ಅಲುಗಾಡದ ಗುರಿಪಟ್ಟಿ ಇರುತ್ತಿತ್ತು, ನಮ್ಮದರಲ್ಲಿ ಏಣಿಯಂತೆ ಎತ್ತುವ ಗುರಿಪಟ್ಟಿಯಿದ್ದು, ಅದರ ಸುತ್ತ ಹೊಸ ಬೆಸುಗೆ ಕಾಣುತ್ತಿತ್ತು. (ಆಯುಧ ಕಿತ್ತುಕೊಳ್ಳುವುದನ್ನು ವಿರೋಧಿಸಿ 1857ರಲ್ಲಿ ಹಲಗಲಿಯ ಬೇಡರು ಬಂಡೆದ್ದ ಸೀಮೆ ನಮ್ಮದು, ಇಂಥ ಬಂದೂಕು ಇಲ್ಲಿ ಬರೀ ಅಲಂಕಾರದ ವಸ್ತುವಲ್ಲ.)

ಹೊಳಪು ಕೊಟ್ಟರೆ ಲೋಹದ ಮೇಲೆ ಒತ್ತಿದ ಮೂಲ ಮುದ್ರೆಗಳು ಸವೆಯುತ್ತವೆಂದು ಉಜ್ಜಲು ಅವರು ಒಪ್ಪಲಿಲ್ಲ. ಲಿಖಿತ ವರದಿ ಕೊಡದಿರುವುದೊಂದೇ ಕೊರತೆ.