ರೆಜಿನಾ ಸ್ಪೆಕ್ಟರ್ ಅವರ 'ಸೋವಿಯತ್ ಕಿಚ್': ಹನ್ನೊಂದು ವರ್ಷ ಕೇಳಿದ ಮೇಲೆ

ಪಿಯಾನೊ ನುಡಿಸುತ್ತಾ ಹಾಡುವ ಅಮೆರಿಕದ ಗಾಯಕಿ ರೆಜಿನಾ ಸ್ಪೆಕ್ಟರ್ ಅವರ ಈ ಆಲ್ಬಂ ಯಾರಿಗೆ ಕೇಳಿಸಿದರೂ ಮೊದಲು ಬರುವ ಮಾತು ಒಂದೇ: "ಇವಳು ಯಾಕೆ ಹೀಗೆ ಹಾಡ್ತಾಳೆ?" ನಾನೂ ಹಾಗೇ ಕೇಳಿದ್ದೆ. ನ್ಯೂಜೆರ್ಸಿಯ ಎಡಿಸನ್‌ನಿಂದ ನ್ಯೂಯಾರ್ಕ್‌ಗೆ ದಿನಾ ರೈಲಿನಲ್ಲಿ ಓಡಾಡುತ್ತಿದ್ದಾಗ ಸಹೋದ್ಯೋಗಿಯೊಬ್ಬಳು ಕೇಳು ಅಂತ ಕೊಟ್ಟಳು. ಮೊದಲ ದಿನ ನಾಲ್ಕನೇ ಹಾಡಿಗೇ ನಿಲ್ಲಿಸಿಬಿಟ್ಟೆ. ಒಂದೇ ಪದವನ್ನು ಮೂರು ಚೂರು ಮಾಡುತ್ತಾಳೆ, ನಡುವೆ ಗಂಟಲಲ್ಲಿ ಉಸಿರು ತಡೆದು ಬಿಡುತ್ತಾಳೆ. ಸುಮ್ನೆ ಗಮನ ಸೆಳೆಯೋಕೆ ಮಾಡ್ತಿದ್ದಾಳೆ ಅನ್ನಿಸಿತ್ತು.

ಮನಸ್ಸು ಬದಲಾದದ್ದು 'ಪೂರ್ ಲಿಟಲ್ ರಿಚ್ ಬಾಯ್' ಹಾಡಿನಿಂದ. ಇದನ್ನು ವೇದಿಕೆಯಲ್ಲಿ ಹಾಡುವಾಗ ಅವಳ ಒಂದು ಕೈ ಪಿಯಾನೊ ಮೇಲೆ. ಇನ್ನೊಂದು ಕೈಯಲ್ಲಿ ಡ್ರಮ್ ಕೋಲು ಹಿಡಿದು ಪಕ್ಕದ ಕುರ್ಚಿಗೆ ಹೊಡೆಯುತ್ತಾಳೆ. ಹೆಡ್‌ಫೋನ್‌ನಲ್ಲಿ ಆ ಒಣ ಟಕ್ ಟಕ್ ಕೇಳಿದ ಮೇಲೆ ಬೇರೆ ತಾಳವಾದ್ಯ ಬೇಕು ಅನ್ನಿಸಲೇ ಇಲ್ಲ. ಅವಳು ಮಾಸ್ಕೋದಲ್ಲಿ ಹುಟ್ಟಿದವಳು. 1989ರಲ್ಲಿ, ಒಂಬತ್ತು ವರ್ಷದವಳಿದ್ದಾಗ, ಮನೆಯವರು ಪಿಯಾನೊವನ್ನು ಅಲ್ಲೇ ಬಿಟ್ಟು ಅಮೆರಿಕಕ್ಕೆ ಬಂದರು. ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಒಂದರ ನೆಲಮಾಳಿಗೆಯಲ್ಲಿ ಪಿಯಾನೊ ಸಿಗುವ ತನಕ ಮೇಜಿನ ಮೇಲೆ ಬೆರಳಾಡಿಸಿ ಅಭ್ಯಾಸ ಮಾಡುತ್ತಿದ್ದಳಂತೆ. ಇದು ಗೊತ್ತಾದ ಮೇಲೆ ಆ ಕುರ್ಚಿಯ ಏಟು ನನಗೆ ಬೇರೆಯೇ ಥರ ಕೇಳಿಸುತ್ತದೆ. ಮುಂದೆ ಅದೇ ನ್ಯೂಯಾರ್ಕ್‌ನ ಈಸ್ಟ್ ವಿಲೇಜ್ ಬಡಾವಣೆಯ ಸೈಡ್‌ವಾಕ್ ಕೆಫೆಯಲ್ಲಿ, ಜನಪದ ಶೈಲಿಯನ್ನೇ ಒರಟಾಗಿ ಹಾಡುವ 'ಆಂಟಿ ಫೋಕ್' ಗಾಯಕರ ಜೊತೆ ಬೆಳೆದಳು. ನಯ ನಾಜೂಕಿಗಿಂತ ಹೇಳಬೇಕಾದ್ದೇ ಮುಖ್ಯ ಅನ್ನುವ ಜನ ಅವರು.

ನನ್ನ ತಂಗಿ ಈ ಆಲ್ಬಂಗೆ ಬಂದದ್ದು 'ಅಸ್' ಹಾಡಿನಿಂದ. 2009ರ ಸಿನಿಮಾವೊಂದರ ಶುರುವಿನಲ್ಲಿ ಅದನ್ನು ಕೇಳಿ, ಇಡೀ ಆಲ್ಬಂ ಹೀಗೇ ತಂತಿವಾದ್ಯಗಳಿಂದ ತುಂಬಿರುತ್ತೆ ಅಂದುಕೊಂಡಳು. 'ಯುವರ್ ಆನರ್' ಹಾಡಿನ ಪಂಕ್ ರಾಕ್ ಅಬ್ಬರ ಶುರುವಾಗುತ್ತಿದ್ದಂತೆ ಆಫ್ ಮಾಡಿದಳು. ಆ ಹಾಡು ನನಗೂ ಇವತ್ತಿಗೂ ಒಗ್ಗಿಲ್ಲ, ದಾಟಿಸಿಬಿಡುತ್ತೇನೆ.

ಆದರೆ 'ಕೀಮೋ ಲಿಮೋ' ದಾಟಿಸಲು ಆಗುವುದಿಲ್ಲ. ನಾಲ್ಕು ಮಕ್ಕಳ ತಾಯಿ, ಕ್ಯಾನ್ಸರ್, ಚಿಕಿತ್ಸೆಗೆ ದುಡ್ಡಿಲ್ಲ. ಕೀಮೋ ಬೇಡ ಅಂತ ಮಕ್ಕಳನ್ನು ಕೂರಿಸಿಕೊಂಡು ಲಿಮೋಸಿನ್ ಅನ್ನುವ ಉದ್ದನೆಯ ಐಷಾರಾಮಿ ಕಾರಿನಲ್ಲಿ ಹೊರಡುತ್ತಾಳೆ. ಪ್ರಾಸ ಕೇಳಿ ಮೊದಲು ನಗು ಬರುತ್ತೆ. ಕೊನೆಯಲ್ಲಿ ಒಬ್ಬ ಮಗಳ ಮುಖದಲ್ಲಿ ತನ್ನ ಅಮ್ಮನೇ ಕಾಣುತ್ತಾಳೆ ಅನ್ನುವಾಗ ಆ ತುಂಡು ತುಂಡು ದನಿ ಯಾಕೆ ಬೇಕಿತ್ತು ಅಂತ ಗೊತ್ತಾಗುತ್ತೆ, ಅಲ್ವಾ? ನನ್ನ ಅಮ್ಮ ಇಲ್ಲಿಗೆ ಬಂದಿದ್ದಾಗ ಈ ಹಾಡು ಕೇಳಿ, ಹುರುಳಿಕಾಯಿ ನಾರು ತೆಗೆಯುತ್ತಾ "ಈ ಹುಡುಗಿಗೆ ಬಿಕ್ಕಳಿಕೆಯಾ?" ಅಂದಿದ್ದರು. ಅರ್ಥ ಬಿಡಿಸಿ ಹೇಳಿದೆ. ಕೈ ನಿಂತಿತು. "ಆಮೇಲೆ ಆ ಮಕ್ಕಳನ್ನ ಯಾರು ನೋಡ್ಕೊಂಡ್ರು?" ಅಂತ ಕೇಳಿದರು.

ಹೊಸಬರು ಮೊದಲು 2006ರ 'ಬಿಗಿನ್ ಟು ಹೋಪ್' ಕೇಳಿ. ಅದು ಇದಕ್ಕಿಂತ ಸಲೀಸು. ಆಮೇಲೆ ಇದಕ್ಕೆ ಬನ್ನಿ, ಕನಿಷ್ಠ ಮೂರು ಸಲ ಕೇಳಿ, ಮೊಬೈಲ್ ಸ್ಪೀಕರ್‌ನಲ್ಲಿ ಮಾತ್ರ ಬೇಡ.