ಬದಿಯಡ್ಕದ ಅಂಗಡಿ ಲೆಕ್ಕ: ಕಂಪ್ಯೂಟರಿನಲ್ಲೋ, ಕ್ಲೌಡಿನಲ್ಲೋ?

ಬದಿಯಡ್ಕದಲ್ಲಿ ಅಡಿಕೆ ಖರೀದಿಸುವ ನಿಮ್ಮ ಮುಂದೆ ಮೂರು ದಾರಿಗಳಿವೆ: ಕಂಪ್ಯೂಟರಿಗೆ ಹಾಕಿಸುವ ಟ್ಯಾಲಿಯಂಥ ತಂತ್ರಾಂಶ, ಇಂಟರ್ನೆಟ್ಟಿನಲ್ಲಿ ಕೋಷ್ಟಕ ಬರೆಯುವ ಗೂಗಲ್ ಶೀಟ್ಸ್, ಚಂದಾ ಕಟ್ಟುವ ಆನ್‌ಲೈನ್ ಲೆಕ್ಕಪತ್ರ ಸೇವೆ.

ಖರ್ಚಿನಲ್ಲಿ ಶೀಟ್ಸ್ ಹಗುರ. ಗೂಗಲ್ ಖಾತೆಯೊಂದಿಗೆ 15 ಜಿಬಿ ಜಾಗ ಉಚಿತ; ಜಿಮೇಲ್, ಫೋಟೋಗಳೂ ಅದರಲ್ಲೇ ಪಾಲು ಕೇಳುತ್ತವೆ.

ಸಿಡಿಲಿಗೆ ಕಂಪ್ಯೂಟರ್ ಸುಟ್ಟರೆ, ಬೇರೆಡೆ ಪ್ರತಿ ಇಡದ ಲೆಕ್ಕವೂ ಹೋಯಿತು. ನಮ್ಮ ಮಳೆಗಾಲದಲ್ಲಿ ಇದನ್ನು ಹಗುರವಾಗಿ ಕಾಣಬೇಡಿ. ಶೀಟ್ಸ್, ಚಂದಾ ಸೇವೆಗಳ ಲೆಕ್ಕ ಕ್ಲೌಡಿನಲ್ಲಿ, ಅಂದರೆ ಕಂಪೆನಿಯ ದೂರದ ಕಂಪ್ಯೂಟರುಗಳಲ್ಲಿ, ಇರುವುದರಿಂದ ಉಳಿಯುತ್ತದೆ. ಬೇರೆಯವರು ಖಾತೆಗೆ ನುಗ್ಗದಂತೆ ಎರಡು ಹಂತದ ದೃಢೀಕರಣ (ಪಾಸ್‌ವರ್ಡಿನ ಮೇಲೆ ಇನ್ನೊಂದು ಪರೀಕ್ಷೆ) ಮಾತ್ರ ಇರಲೇಬೇಕು. ಇಂಟರ್ನೆಟ್ ಕೈಕೊಟ್ಟ ದಿನ ಟ್ಯಾಲಿಯೇ ಮೇಲು. ಆಫ್‌ಲೈನ್ ಆಯ್ಕೆಯನ್ನು ಮೊದಲೇ ಚಾಲೂ ಮಾಡಿಟ್ಟರೆ ಶೀಟ್ಸ್‌ನಲ್ಲೂ ಬರೆಯಬಹುದು.

ನಿಜವಾದ ತೊಡಕು ಕೇರಳ–ಕರ್ನಾಟಕ ಗಡಿಯದು. ಬದಿಯಡ್ಕ ಕೇರಳದಲ್ಲಿರುವುದರಿಂದ ಒಣ ಅಡಿಕೆಯನ್ನು ಕರ್ನಾಟಕದ ಮಂಗಳೂರಿಗೋ ಪುತ್ತೂರಿಗೋ ಮಾರಿದರೆ ಅದು ಅಂತರರಾಜ್ಯ ಮಾರಾಟ. ವಹಿವಾಟು ಎಷ್ಟೇ ಸಣ್ಣದಿರಲಿ, ಜಿಎಸ್‌ಟಿ ನೋಂದಣಿ ಬೇಕು. ಬಿಲ್ಲಿನಲ್ಲಿ ಐಜಿಎಸ್‌ಟಿ (ಅಂತರರಾಜ್ಯ ಮಾರಾಟದ ಜಿಎಸ್‌ಟಿ) ತೋರಿಸಬೇಕು. ಇದನ್ನು ಶೀಟ್ಸ್‌ನಲ್ಲಿ ಕೈಯಾರೆ ಮಾಡುವುದು ತಪ್ಪಿಗೆ ಆಹ್ವಾನ.

ಊರೊಳಗಿನ ಸಣ್ಣ ವ್ಯಾಪಾರಕ್ಕೆ ಶೀಟ್ಸ್ ಸಾಕು. ಒಂದೇ ಅಂಗಡಿ, ಒಬ್ಬರೇ ಲೆಕ್ಕ ಬರೆಯುವವರು, ನೆಟ್‌ವರ್ಕ್ ದುರ್ಬಲ ಎಂದಾದರೆ ಟ್ಯಾಲಿ. ಕುಂಬಳೆಯಲ್ಲೂ ಗೋದಾಮಿದ್ದು, ಲೆಕ್ಕಪರಿಶೋಧಕರು ಕಾಸರಗೋಡಿನಲ್ಲೇ ಕುಳಿತು ನೋಡಬೇಕಿದ್ದರೆ ಚಂದಾ ಸೇವೆ. ಬಿಟ್ಟುಹೋಗುವಾಗ ದಾಖಲೆಗಳನ್ನೆಲ್ಲ ಇಳಿಸಿಕೊಳ್ಳಬಹುದೇ ಎಂದು ಸೇರುವ ಮೊದಲೇ ಕೇಳಿ.