ಹೊಡೆದು ಕಲಿಸುವ ನಾಯಿ ಟ್ರೈನರ್‌ಗೆ ದುಡ್ಡು ಕೊಡುವ ಮುಂಚೆ ಇದನ್ನು ಓದಿ

ಮರಿಗೆ ಪಾಟಿ ಟ್ರೈನಿಂಗ್ ಕೊಡುತ್ತೇನೆ, ಹೊರಗೆ ಹೋಗಬೇಕು ಅನ್ನಿಸಿದಾಗ ಅದೇ ಬಂದು ಹೇಳುವ ಹಾಗೆ ಮಾಡುತ್ತೇನೆ ಅಂತ ಮನೆಗೆ ಬರುವ ಟ್ರೈನರ್‌ಗಳು ಈಗ ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಅವರಲ್ಲಿ ಒಳ್ಳೆಯವರು ಖಂಡಿತ ಇದ್ದಾರೆ. ನಮಗೆ ಸಿಕ್ಕವನು ಅಂಥವನಲ್ಲ. ಚೆನ್ನಾಗಿ ಆಡಿಕೊಂಡಿದ್ದ ನಮ್ಮ ಮರಿ ಅವನ ಕೈಗೆ ಸಿಕ್ಕ ಮೇಲೆ ಮನುಷ್ಯರ ಎದುರು ಉಚ್ಚೆ ಮಾಡುವುದನ್ನೇ ಬಿಟ್ಟಿತು. ಕಟ್ಟಿಕೊಂಡು ಕಟ್ಟಿಕೊಂಡು ಕೊನೆಗೆ ಕಾಯಿಲೆ ಬಿತ್ತು. ಮನೆಯಲ್ಲಿ ಮರಿ ಇರುವವರು ದಯವಿಟ್ಟು ಪೂರ್ತಿ ಓದಿ.

ನಮ್ಮ ರಾಗಿ ಬೀದಿ ನಾಯಿಯ ಮರಿ. ಹೆಣ್ಣು. ನಮ್ಮದು ಬನಶಂಕರಿ ಕಡೆ ಮೂರನೇ ಮಹಡಿಯ ಫ್ಲ್ಯಾಟ್. ಪಾರ್ವೋ ಅನ್ನುವ ಅಂಟುರೋಗದ ಲಸಿಕೆಯ ಡೋಸ್‌ಗಳು ಮುಗಿಯುವವರೆಗೆ, ಅಂದರೆ ಹೆಚ್ಚುಕಡಿಮೆ 16 ವಾರ ಆಗುವವರೆಗೆ, ಬೇರೆ ನಾಯಿಗಳು ಓಡಾಡುವ ಬೀದಿಗೆ ಇಳಿಸಬೇಡಿ ಅಂತ ಡಾಕ್ಟರ್ ಹೇಳಿದ್ದರು. ಹಾಗಾಗಿ ಬಾಲ್ಕನಿಯಲ್ಲಿ ಪೇಪರ್ ಹಾಸಿ ಅಭ್ಯಾಸ ಮಾಡಿಸಿದ್ದೆವು. ಲಸಿಕೆ ಮುಗಿದ ಮೇಲೆ ಕೆಳಗೆ ಕರೆದುಕೊಂಡು ಹೋಗೋಕೆ ಶುರು ಮಾಡಿದೆವು. ಬಾಲ್ಕನಿಯಿಂದ ಬೀದಿಗೆ ಬದಲಾಗುವ ಆ ಹೊತ್ತಿನಲ್ಲಿ ಎಲ್ಲ ಮರಿಗಳಿಗೂ ಗೊಂದಲ ಆಗುತ್ತದೆ. ಹಾಲ್‌ನಲ್ಲಿ, ಮ್ಯಾಟ್ ಮೇಲೆ, ಒಮ್ಮೊಮ್ಮೆ ದೇವರ ಮನೆ ಬಾಗಿಲಲ್ಲೂ ಆಗೋದು. ನಾವಿಬ್ಬರೂ ಆಫೀಸಿಗೆ ಹೋಗುವವರು, ಹಗಲು ಮನೆಯಲ್ಲಿ ಇರುವುದು ನಮ್ಮತ್ತೆ ಒಬ್ಬರೇ. ಮೊಣಕಾಲು ನೋವಿರುವ ಅವರಿಗೆ ನೆಲ ಒರೆಸುವ ಕಷ್ಟ ತಪ್ಪಲಿ ಅಂತ ಟ್ರೈನರ್ ಹುಡುಕಿದೆವು.

ಬಂದವನ ಮಾತು ಜೋರು. "ಪೊಲೀಸ್ ನಾಯಿಗೇ ಟ್ರೈನಿಂಗ್ ಕೊಟ್ಟವನು ಸಾರ್ ನಾನು, ಇದೆಲ್ಲ ಯಾವ ಲೆಕ್ಕ" ಅಂದ. 18 ಸಾವಿರ ಪೂರ್ತಿ ಅಡ್ವಾನ್ಸ್, ಯುಪಿಐನಲ್ಲಿ. ಬಿಲ್ ಇಲ್ಲ. ಇನ್ನೊಂದು ಷರತ್ತು ಹಾಕಿದ: ಅವನು ಕಲಿಸುವಾಗ ಮನೆಯವರು ಯಾರೂ ಎದುರಿಗೆ ಇರಬಾರದು. "ನೀವಿದ್ರೆ ನಾಯಿ ನನ್ನ ಮಾತು ಕೇಳಲ್ಲ, ಮುದ್ದು ಮಾಡ್ಬಿಡ್ತೀರಾ." ಅತ್ತೆಯನ್ನು ರೂಮಿಗೆ ಕಳಿಸಿ ಬಾಗಿಲು ಹಾಕಿಸುತ್ತಿದ್ದ. ಯಾರಾದರೂ ನಿಮಗೆ ಈ ಮಾತು ಹೇಳಿದರೆ ಅಲ್ಲೇ ಕೈಮುಗಿದು ಕಳಿಸಿಬಿಡಿ. ಕೆಲಸ ನೆಟ್ಟಗಿರುವ ಟ್ರೈನರ್ ಮನೆಯವರನ್ನು ಪಕ್ಕದಲ್ಲೇ ಕೂರಿಸಿಕೊಂಡು ಕಲಿಸುತ್ತಾರೆ. ಅವರು ಹೋದ ಮೇಲೆ ನಾಯಿ ಜೊತೆ ಇರಬೇಕಾದವರು ನಾವೇ ಅಲ್ವಾ?

ಮೊದಲು ಅನುಮಾನ ಬಂದದ್ದು ಅತ್ತೆಗೆ. "ಅವನ ಬೈಕ್ ಸದ್ದು ಕೇಳಿದ್ರೆ ಸಾಕು ಕಣಮ್ಮ, ಇದು ಮಂಚದ ಕೆಳಗೆ ಸೇರ್ಕೊಳ್ಳುತ್ತೆ" ಅಂದರು. ಹಾಲ್‌ನ ಕ್ಯಾಮೆರಾ ತೆಗೆದು ನೋಡಿದಾಗ ಎಲ್ಲ ಗೊತ್ತಾಯಿತು.

ರಾಗಿ ಬಾಗಿಲ ಹತ್ತಿರ ಹೋಗುತ್ತಾಳೆ. ನೆಲ ಮೂಸುತ್ತಾಳೆ, ಒಂದು ಸುತ್ತು ಹಾಕುತ್ತಾಳೆ, ತಿರುಗಿ ಅವನನ್ನು ನೋಡಿ ಸಣ್ಣಗೆ ಕುಂಯ್ ಅನ್ನುತ್ತಾಳೆ. ಇದಕ್ಕಿಂತ ಸ್ಪಷ್ಟವಾಗಿ ನಾಯಿ ಇನ್ನೇನು ಹೇಳಬೇಕು? ಫೋನ್ ನೋಡುತ್ತಾ ಕೂತಿದ್ದ ಅವನು "ಏಯ್, ಬಾಯಿ ಮುಚ್ಚು" ಅಂತ ಚೈನ್ ಜಗ್ಗುತ್ತಾನೆ. ಅದು ಜಗ್ಗಿದಷ್ಟೂ ಕತ್ತು ಬಿಗಿಯುವ ಚೋಕ್ ಚೈನ್. ಮರಿ ಅಲ್ಲೇ ಕುಸಿದು ಕೂರುತ್ತದೆ. ಕಿವಿ ಹಿಂದಕ್ಕೆ, ಬಾಲ ಹೊಟ್ಟೆ ಕೆಳಗೆ. ಕೂತ ಜಾಗದಲ್ಲೇ ನಾಲ್ಕು ಹನಿ ಉಚ್ಚೆ ಜಿನುಗುತ್ತದೆ. ಅವನು ಎದ್ದು ಬಂದು ಅವಳ ಮೂತಿಯನ್ನು ಆ ಒದ್ದೆಗೆ ಒತ್ತಿ ಉಜ್ಜುತ್ತಾನೆ. ಸುತ್ತಿದ ಪೇಪರ್‌ನಿಂದ ಬೆನ್ನಿಗೆ ಹೊಡೆಯುತ್ತಾನೆ. ಆಮೇಲೆ ಮತ್ತೆ ಫೋನು.

ಆ ನಾಲ್ಕು ಹನಿಯ ವಿಷಯ ಎಲ್ಲರಿಗೂ ಗೊತ್ತಿರಬೇಕು. ಹೆದರಿದ ಮರಿಗಳಿಗೆ ಹೀಗೆ ತನ್ನಿಂತಾನೇ ಜಿನುಗುತ್ತದೆ. "ನಾನು ಚಿಕ್ಕವಳು, ಏನೂ ಮಾಡಬೇಡ" ಅಂತ ಮೈಯೇ ಬೇಡಿಕೊಳ್ಳುವ ರೀತಿ ಅದು. ಹಠವೂ ಅಲ್ಲ, ಕೊಬ್ಬೂ ಅಲ್ಲ. ಅದಕ್ಕೆ ಹೊಡೆದರೆ ಹೆದರಿಕೆ ಜಾಸ್ತಿಯಾಗುತ್ತದೆ, ಜಿನುಗುವುದೂ ಜಾಸ್ತಿಯಾಗುತ್ತದೆ. ನಾಯಿಗೆ ಕಲಿಸಿ ದುಡ್ಡು ತಗೊಳ್ಳುವವನಿಗೆ ಇಷ್ಟು ಗೊತ್ತಿಲ್ಲ ಅಂದರೆ ಅವನಿಗೆ ಏನೂ ಗೊತ್ತಿಲ್ಲ.

ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರ: "ನೋಡಿ ಮೇಡಂ, ಹೆಂಗೆ ತಲೆ ತಗ್ಗಿಸ್ತಾಳೆ. ತಪ್ಪು ಅಂತ ಅವಳಿಗೆ ಗೊತ್ತು." ಈ ಮಾತು ಎಷ್ಟು ಮನೆಯಲ್ಲಿ ಕೇಳುತ್ತೇವೆ. ನ್ಯೂಯಾರ್ಕ್‌ನಲ್ಲಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನುವ ಸಂಶೋಧಕಿ 14 ಸಾಕು ನಾಯಿಗಳ ಮೇಲೆ ಇದನ್ನೇ ಪರೀಕ್ಷೆ ಮಾಡಿ 2009ರಲ್ಲಿ ಪ್ರಕಟಿಸಿದ್ದಾರೆ. ತಿನ್ನಬೇಡ ಅಂದ ತಿಂಡಿಯನ್ನು ನಾಯಿ ತಿಂದಿತ್ತೋ ಇಲ್ಲವೋ, ಆ 'ತಪ್ಪು ಮಾಡಿದ ಮುಖ'ಕ್ಕೂ ಅದಕ್ಕೂ ಸಂಬಂಧವೇ ಕಾಣಲಿಲ್ಲ. ಯಜಮಾನ ಬೈದರೆ ಆ ಮುಖ ಬರುತ್ತಿತ್ತು, ಅಷ್ಟೇ. ಏನೂ ಮಾಡದ ನಾಯಿ ಕೂಡ ಬೈಸಿಕೊಂಡಾಗ ಹಾಗೇ ಮುಖ ಮಾಡಿತ್ತು. ಅಂದರೆ ನಾವು ನೋಡುವುದು ಹೆದರಿಕೆಯನ್ನು.

ಅವನನ್ನು ಅವತ್ತೇ ಕಳಿಸಿದೆವು. ಆದರೆ ರಾಗಿ ಅಷ್ಟರಲ್ಲಿ ಒಂದು ಪಾಠ ಕಲಿತಾಗಿತ್ತು: ಮನುಷ್ಯರು ನೋಡುವಾಗ ಉಚ್ಚೆ ಮಾಡಿದರೆ ಏಟು ಬೀಳುತ್ತದೆ. ಒಳಗೋ ಹೊರಗೋ ಅನ್ನುವ ವ್ಯತ್ಯಾಸ ಅವಳ ತಲೆಗೆ ಹೋಗಿರಲೇ ಇಲ್ಲ. ಬಾಗಿಲ ಹತ್ತಿರ ಬರುವುದು ನಿಂತಿತು, ಕುಂಯ್ ಅನ್ನುವುದು ನಿಂತಿತು. ಕೆಳಗೆ ಕರೆದುಕೊಂಡು ಹೋದರೆ ಎಷ್ಟು ಹೊತ್ತು ಸುತ್ತಿಸಿದರೂ ಮಾಡುತ್ತಿರಲಿಲ್ಲ, ನಮ್ಮ ಮುಖವನ್ನೇ ನೋಡುತ್ತಾ ನಿಲ್ಲುವಳು. ಮನೆಗೆ ಬಂದು ನಾವು ಅತ್ತಿತ್ತ ಹೋದ ಕೂಡಲೇ ಸೋಫಾ ಹಿಂದೆ ಹೋಗಿ ಮಾಡಿ ಬರುವಳು. ಯಾವಾಗಲೂ ಯಾರಾದರೂ ಎದುರಿಗೇ ಇದ್ದರೆ ಕಟ್ಟಿಕೊಂಡೇ ಇರುವಳು. ಹೇಳಿಕೊಳ್ಳುವುದನ್ನು ಕಲಿಸಿ ಅಂತ ದುಡ್ಡು ಕೊಟ್ಟರೆ, ಅವಳಿಗೆ ಬರುತ್ತಿದ್ದ ಮಾತನ್ನೇ ಕಿತ್ತುಕೊಂಡು ಹೋದ.

ಆಮೇಲೆ ಆಸ್ಪತ್ರೆ. ಪದೇ ಪದೇ ಕುಕ್ಕರುಗಾಲಲ್ಲಿ ಕೂರುವುದು, ತಿಣುಕುವುದು, ಒಂದೆರಡು ಹನಿ ಬರುವುದು, ಹಿಂಭಾಗ ನೆಕ್ಕಿಕೊಳ್ಳುತ್ತಲೇ ಇರುವುದು. ಬಿಳಿ ಟೈಲ್ಸ್ ಮೇಲೆ ಬಿದ್ದದ್ದು ತಿಳಿ ಗುಲಾಬಿ ಬಣ್ಣ. ಉಚ್ಚೆ ಪರೀಕ್ಷೆ ಮಾಡಿಸಿದಾಗ ಮೂತ್ರಕೋಶದ ಸೋಂಕು ಅಂತ ಬಂತು. ಹೆಣ್ಣು ನಾಯಿಗೆ ಮೂತ್ರನಾಳ ಚಿಕ್ಕದು, ಸೋಂಕು ಸುಲಭವಾಗಿ ಒಳಗೆ ಹತ್ತುತ್ತದೆ. ಆಗಾಗ ಉಚ್ಚೆ ಮಾಡುತ್ತಿದ್ದರೆ ಕ್ರಿಮಿಗಳೂ ತೊಳೆದುಹೋಗುತ್ತವೆ, ಗಂಟೆಗಟ್ಟಲೆ ಕಟ್ಟಿಕೊಂಡರೆ ಒಳಗೇ ಬೆಳೆಯುತ್ತವೆ. ಡಾಕ್ಟರ್ ಹೇಳಿದ ಇನ್ನೊಂದು ಮಾತು ನೆನಪಿಡಿ: ಸರಿಯಾಗಿ ಹೊರಗೆ ಹೋಗುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಮನೆಯೊಳಗೆ ಮಾಡಿದರೆ ಮೊದಲು ಉಚ್ಚೆ ಪರೀಕ್ಷೆ, ಟ್ರೈನಿಂಗ್ ಮಾತು ಆಮೇಲೆ.

ಔಷಧಿ ಮುಗಿದ ಮೇಲೆ ಡಾಕ್ಟರ್ ಪರಿಚಯದ ಒಬ್ಬ ಹುಡುಗಿ ಬಂದು ನಮಗೆ ದಾರಿ ತೋರಿಸಿದಳು. ಮೊದಲ ಕೆಲಸ ಹೆದರಿಕೆ ಬಿಡಿಸುವುದು. ರಾಗಿಗೆ ಉದ್ದದ ಹಗ್ಗ ಕಟ್ಟಿ, ಮೈದಾನದ ಮೂಲೆಯಲ್ಲಿ ಅವಳ ಕಡೆ ಬೆನ್ನು ಹಾಕಿ ನಿಲ್ಲಬೇಕು. ಮಾಡಿ ಮುಗಿಸಿದ ತಕ್ಷಣ, ಒಂದೆರಡು ಸೆಕೆಂಡ್ ಒಳಗೆ, ಬೇಯಿಸಿದ ಕೋಳಿಯ ಸಣ್ಣ ಚೂರು ಬಾಯಿಗೆ. ಮೇಲೆ ಮನೆಗೆ ಬಂದು ಕೊಟ್ಟರೆ ಯಾವುದಕ್ಕೆ ಸಿಕ್ಕಿತು ಅಂತ ನಾಯಿಗೆ ತಿಳಿಯುವುದಿಲ್ಲ. (ತಿಂಡಿ ಅಂತ ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಮಾತ್ರ ಯಾವತ್ತೂ ಕೊಡಬೇಡಿ. ನಾಯಿಗೆ ಅವು ವಿಷ.) ನಿದ್ದೆಯಿಂದ ಎದ್ದ ಕೂಡಲೇ, ಊಟ ಆದ ಸ್ವಲ್ಪ ಹೊತ್ತಿಗೆ, ಆಟದ ಮಧ್ಯೆ ತಟ್ಟನೆ ನಿಂತು ಮೂಸಲು ಶುರು ಮಾಡಿದಾಗ, ಕೇಳುವ ಮೊದಲೇ ಕರೆದುಕೊಂಡು ಹೋಗಬೇಕು. ಮರಿಗೆ ಎಷ್ಟು ತಿಂಗಳೋ ಹೆಚ್ಚುಕಡಿಮೆ ಅಷ್ಟೇ ಗಂಟೆ ಅದು ಹಗಲು ತಡೆದುಕೊಳ್ಳಬಲ್ಲದು ಅನ್ನುವುದು ಅಂದಾಜು ಲೆಕ್ಕ. ಮೂರು ತಿಂಗಳ ಮರಿ ಆರು ಗಂಟೆ ತಡೆಯಲಿಲ್ಲ ಅಂತ ಯಾರಾದರೂ ಹೊಡೆದರೆ ಅದಕ್ಕಿಂತ ಅನ್ಯಾಯ ಇಲ್ಲ.

ಹೊರಗೆ ಹೋಗಬೇಕು ಅನ್ನಿಸಿದಾಗ ಬಾಗಿಲಿಗೆ ಕಟ್ಟಿದ ಗಂಟೆ ಹೊಡೆದು ಹೇಳುವುದನ್ನು ಕಲಿಸಿದ್ದು ಆಮೇಲೆ. ಚಿಕ್ಕಪೇಟೆಯ ಅಂಗಡಿಯಿಂದ ಹಸುವಿನ ಕೊರಳಿಗೆ ಕಟ್ಟುವ ಗಂಟೆ ತಂದೆವು. ಸಣ್ಣ ಗೆಜ್ಜೆಗಳನ್ನು ಪೋಣಿಸಿ ಕಟ್ಟಬೇಡಿ. ಕಿತ್ತು ನುಂಗಿದರೆ ಆಪರೇಷನ್‌ವರೆಗೂ ಹೋಗಬಹುದು, ಸೀಳಿಗೆ ಉಗುರು ಸಿಕ್ಕಿಕೊಳ್ಳುವುದೂ ಉಂಟು. ಸದ್ದಿಗೆ ರಾಗಿ ಬೆಚ್ಚುತ್ತಿದ್ದಳು, ಅದಕ್ಕೆ ಒಳಗಿನ ನಾಲಿಗೆಗೆ ಬಟ್ಟೆ ಸುತ್ತಿ, ದಿನ ಕಳೆದಂತೆ ಒಂದೊಂದೇ ಸುತ್ತು ಬಿಚ್ಚುತ್ತಾ ಬಂದೆವು. ಮೊದಲು ಕೈಯಲ್ಲಿ ಹಿಡಿದು, ಮೂಗು ತಾಗಿಸಿದರೆ ತಿಂಡಿ. ಆಮೇಲೆ ಅವಳ ಮೂಗಿನ ಎತ್ತರಕ್ಕೆ ಬಾಗಿಲ ಹಿಡಿಗೆ ಕಟ್ಟಿ, ಮೂಗು ತಾಗಿದ ಕೂಡಲೇ ಬಾಗಿಲು ತೆರೆದು ಸೀದಾ ಕೆಳಗೆ. ಹೊರಗೆ ಹೋಗುವ ಪ್ರತಿ ಸಲವೂ ಇದೇ ಕ್ರಮ. ಗಂಟೆ ಹೊಡೆದರೆ ಉಚ್ಚೆ ಮಾಡುವ ಜಾಗಕ್ಕೆ ಮಾತ್ರ ಕರೆದುಕೊಂಡು ಹೋಗಿ, ಐದು ನಿಮಿಷದಲ್ಲಿ ಮಾಡದಿದ್ದರೆ ಸುಮ್ನೆ ವಾಪಸ್ ಬನ್ನಿ. ಆಟ, ವಾಕಿಂಗ್ ಎಲ್ಲ ಬೇರೆ. ಇಲ್ಲದಿದ್ದರೆ ಬೇಜಾರಾದಾಗಲೆಲ್ಲ ಗಂಟೆ ಹೊಡೆಯುವುದು ಕಲಿಯುತ್ತವೆ.

ಒಳಗೆ ಮಾಡಿದ ಜಾಗಕ್ಕೆ ಅಮೋನಿಯಾ ಇರುವ ಕ್ಲೀನರ್ ಬೇಡ, ಉಚ್ಚೆ ವಾಸನೆಯೂ ಅದೇ ಜಾತಿಯದು, ನಾಯಿ ಮತ್ತೆ ಅಲ್ಲೇ ಬರುತ್ತದೆ. ಫಿನಾಯಿಲ್ ನೆಕ್ಕಿದರೆ ಹೊಟ್ಟೆಗೆ ವಿಷ. ಸಾಕುಪ್ರಾಣಿ ಅಂಗಡಿಗಳಲ್ಲಿ ಎನ್‌ಜೈಮ್ ಇರುವ ಕ್ಲೀನರ್ ಸಿಗುತ್ತದೆ, ಅದನ್ನೇ ಬಳಸಿ.

ಟ್ರೈನರ್ ಬಂದಾಗ ಒಂದೇ ಪ್ರಶ್ನೆ ಕೇಳಿ: "ನಾಯಿ ತಪ್ಪು ಮಾಡಿದರೆ ನೀವು ಏನು ಮಾಡ್ತೀರಾ?" ಉತ್ತರದಲ್ಲಿ ಚೋಕ್ ಚೈನ್, ಮುಳ್ಳಿನ ಬೆಲ್ಟ್, ಪೇಪರ್ ಏಟು, 'ಯಾರು ಬಾಸ್ ಅಂತ ತೋರಿಸ್ಬೇಕು' ಇವುಗಳಲ್ಲಿ ಒಂದು ಬಂದರೂ ಬೇಡ. ಅಮೆರಿಕದಲ್ಲಿ ಪ್ರಾಣಿಗಳ ವರ್ತನೆ ನೋಡುವ ಪಶುವೈದ್ಯರ ಸಂಘ 2021ರಲ್ಲೇ, ನಾಯಿಗೆ ಏನೇ ಕಲಿಸುವುದಿದ್ದರೂ ತಿಂಡಿ, ಮೆಚ್ಚುಗೆ ಕೊಟ್ಟೇ ಕಲಿಸಿ ಅಂತ ಹೇಳಿದೆ. ನಮ್ಮಲ್ಲಿ ನಾಯಿ ಸಾಕಿ ಮರಿ ಮಾರುವವರಿಗೆ 2017ರ ನಿಯಮ ಇದೆ, ಪೆಟ್ ಶಾಪ್‌ಗಳಿಗೆ 2018ರದ್ದು ಇದೆ. ಮನೆಗೆ ಬಂದು ಕಲಿಸುವವರು ಅವುಗಳಲ್ಲಿ ಯಾವುದಕ್ಕೂ ಸೇರುವುದಿಲ್ಲ. ಪ್ರಾಣಿಗಳಿಗೆ ಹೊಡೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧವೇ. ಆದರೆ ಮೊದಲ ಸಲಕ್ಕೆ ದಂಡ ಎಷ್ಟು ಗೊತ್ತಾ? ಹೆಚ್ಚೆಂದರೆ 50 ರೂಪಾಯಿ. ಇದನ್ನು ಓದಿದಾಗ ನನಗೆ ಹೊಟ್ಟೆ ಉರಿದುಹೋಯಿತು.

ದುಡ್ಡು ವಾಪಸ್ ಕೊಡಲ್ಲ ಅಂದಿದ್ದಾನೆ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದ್ದೇವೆ. ಯುಪಿಐ ರಸೀದಿ, ವಾಟ್ಸ್‌ಆ್ಯಪ್ ಮಾತುಕತೆ, ಕ್ಯಾಮೆರಾ ವಿಡಿಯೊ ಎಲ್ಲ ಇಟ್ಟುಕೊಂಡಿದ್ದೇವೆ. ನೀವೂ ಇಂಥವನ ಕೈಗೆ ಸಿಕ್ಕಿದ್ದರೆ ಏನನ್ನೂ ಅಳಿಸಬೇಡಿ. ವಿಡಿಯೊ ತುಂಬಾ ದಿನ ಉಳಿಯುವುದಿಲ್ಲ, ಅವತ್ತೇ ಇಳಿಸಿಕೊಳ್ಳಿ.

ಅದಕ್ಕೂ ಮುಂಚೆ ನಿಮ್ಮ ನಾಯಿಯನ್ನು ನೋಡಿ. ನಿಮ್ಮ ಎದುರು ಮಾಡಲು ಹಿಂಜರಿಯುತ್ತಿದೆಯಾ, ತಿಣುಕುತ್ತಿದೆಯಾ, ಬಣ್ಣ ಬದಲಾಗಿದೆಯಾ? ಹಾಗಿದ್ದರೆ ಉಚ್ಚೆ ಪರೀಕ್ಷೆ ಮಾಡಿಸಿ. ಅದರಲ್ಲೂ ಗಂಡು ನಾಯಿ ಕಾಲೆತ್ತಿ ನಿಂತು ತಿಣುಕಿದರೂ ಒಂದು ಹನಿಯೂ ಬರುತ್ತಿಲ್ಲ ಅಂದರೆ ಉಚ್ಚೆ ಬರುವ ದಾರಿ ಮುಚ್ಚಿಕೊಂಡಿರಬಹುದು. ರಾತ್ರಿಯಾದರೂ ಸರಿ, ಬೆಳಗಾಗಲಿ ಅಂತ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.